ಅಂಗಾಲಿನಲ್ಲಿ ಅಡಗಿದ ಆಟ

ಗಾಲ್ಫ್ ಆಟವನ್ನು ಹೊಸದಾಗಿ ಕೈಗೆತ್ತಿಕೊಂಡವರು ಚೆಂಡು ಹೊಡೆದು ಅಭ್ಯಾಸ ಮಾಡುವ ಬಯಲಿಗೆ ಒಂದು ಭಾನುವಾರ ಬೆಳಿಗ್ಗೆ ಹೋಗಿ, ಅವರ ಹಿಂದಿನ ಬೆಂಚಿನ ಮೇಲೆ ಸುಮ್ಮನೆ ಕುಳಿತುಕೊಳ್ಳಿರಿ. ನೋಡುವಾಗ ಒಂದೇ ಒಂದು ನಿಯಮ: ಚೆಂಡು ಎಲ್ಲಿಗೆ ಹೋಯಿತೆಂದು ನೋಡಕೂಡದು, ಕೋಲು ಎಷ್ಟು ರಭಸದಿಂದ ಬೀಸಿತೆಂದೂ ನೋಡಕೂಡದು. ಮೊಣಕಾಲಿನಿಂದ ಕೆಳಗೆ ಮಾತ್ರ ದೃಷ್ಟಿಯಿರಲಿ. ಕಾಲು ಗಂಟೆ ಕಳೆಯುವುದರೊಳಗೆ ಯಾರ ಚೆಂಡು ನೆಟ್ಟಗೆ ಸಾಗುತ್ತಿದೆ, ಯಾರದು ಬಲಗಡೆಗೆ ಬಾಗಿ ಬೇಲಿಯ ಕಡೆಗೆ ಹೊರಟಿದೆ ಎಂಬುದನ್ನು ನೀವು ಬಹುಮಟ್ಟಿಗೆ ಪಾದಗಳಿಂದಲೇ ಹೇಳಬಲ್ಲವರಾಗುವಿರಿ. ಒಬ್ಬರು ಹೊಡೆದಾದ ಮೇಲೆ ಎಡಗಾಲಿನ ಮೇಲೆ ಕಂಬದಂತೆ ನಿಂತಿರುತ್ತಾರೆ. ಇನ್ನೊಬ್ಬರು, ಕೆಸರೆರಚುತ್ತ ಬರುವ ಬಸ್ಸಿನಿಂದ ತಪ್ಪಿಸಿಕೊಳ್ಳುವವರಂತೆ, ಒಂದು ಹೆಜ್ಜೆ ಹಿಂದಕ್ಕೆ ಸರಿದಿರುತ್ತಾರೆ. ಮೂರನೆಯವರು ತುದಿಗಾಲಿನಲ್ಲಿ ತೂರಾಡಿ, ಕೋಲನ್ನೇ ಊರುಗೋಲು ಮಾಡಿಕೊಂಡು ಸಾವರಿಸಿಕೊಳ್ಳುತ್ತಾರೆ. ಆಮೇಲೆ ಈ ಇಬ್ಬರು ಮಹನೀಯರೂ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾರೆ, ಅಪರಾಧವೆಲ್ಲ ಅಲ್ಲಿಯೇ ಇದೆಯೋ ಎಂಬಂತೆ!

ಬೆಂಗಳೂರಿಗೆ ಗಾಲ್ಫ್ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು ೧೮೭೬ರಲ್ಲಿ. ಆದರೆ ದೊರೆಗಳ, ದಿವಾನರ, ದಂಡಿನ ಅಧಿಕಾರಿಗಳ ಆಟವೆಂದು ಬಹುಕಾಲ ನಾವು ಬೇಲಿಯಾಚೆಯಿಂದ ಇಣುಕಿ ನೋಡಿ ಸುಮ್ಮನಾಗುತ್ತಿದ್ದುದು ಈಗ ನಮ್ಮ ಮನೆಗಳ ಒಳಕ್ಕೂ ಬಂದಿದೆ. ನಲವತ್ತು ದಾಟಿದ ಎಂಜಿನಿಯರರು, ನಿವೃತ್ತಿಯಾದ ಬ್ಯಾಂಕಿನ ಮ್ಯಾನೇಜರರು, ಮಗನೋ ಅಳಿಯನೋ ವಿದೇಶದಿಂದ ತಂದುಕೊಟ್ಟ ಕೋಲುಗಳ ಚೀಲವನ್ನು ಹೆಗಲಿಗೇರಿಸಿ ಹೊರಡುವುದನ್ನು ಕಾಣುತ್ತೇವೆ. ತಡವಾಗಿ ಆಟ ಹಿಡಿದ ಇಂಥವರಿಗೆ ಚೆಂಡು ವಕ್ರವಾಗಿ ಹೋದರೆ ಆಗುವ ನಷ್ಟ ಚೆಂಡಿನದಷ್ಟೇ. ಸೊಂಟ ಹಿಡಿದುಕೊಂಡರೆ ಆಗುವ ನಷ್ಟ ಬೇರೆಯೇ ಬಗೆಯದು. ಹವ್ಯಾಸಿಗಳಲ್ಲಿ ಈ ಆಟದಿಂದ ಹೆಚ್ಚಾಗಿ ನೋಯುವ ಅಂಗಗಳಲ್ಲಿ ಸೊಂಟಕ್ಕೆ ಮೊದಲ ಸಾಲಿನಲ್ಲಿಯೇ ಸ್ಥಾನವುಂಟು. ಕಾಲು ಮಾಡಬೇಕಾದ ಕೆಲಸವನ್ನು ಬೆನ್ನಿಗೂ ತೋಳಿಗೂ ಹೊರಿಸಿದರೆ ಅವು ಎಷ್ಟು ದಿನ ತಾಳಿಯಾವು? ಹೊಸ ಕೋಲನ್ನು ಕೊಳ್ಳುವ ಮೊದಲು ಹಳೆಯ ಕಾಲುಗಳನ್ನು ಕುರಿತು ಎರಡು ಮಾತು ಹೇಳುವ ಧೈರ್ಯ ನನಗೆ ಬಂದಿರುವುದು ಈ ಕಾರಣದಿಂದ.

ಮೊದಲು ಒಂದು ಲೆಕ್ಕ. ನಿಯಮದ ಪ್ರಕಾರ ಗಾಲ್ಫ್ ಚೆಂಡಿನ ತೂಕ ೪೫.೯೩ ಗ್ರಾಂ ಮೀರುವಂತಿಲ್ಲ. ಕೋಲಿನ ಮುಖಕ್ಕೂ ಈ ಚೆಂಡಿಗೂ ನಡುವೆ ನಡೆಯುವ ಭೇಟಿಯ ಅವಧಿ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಬ್ರಿಟನ್ನಿನ ಕಾಕ್ರನ್ ಮತ್ತು ಸ್ಟಾಬ್ಸ್ ಎಂಬಿಬ್ಬರು ವಿಜ್ಞಾನದ ದೃಷ್ಟಿಯಿಂದ ಈ ಬೀಸನ್ನು ಪರಿಶೀಲಿಸಿ ೧೯೬೮ರಲ್ಲಿ ಪ್ರಕಟಿಸಿದ ಗ್ರಂಥ ಇಂಥ ಲೆಕ್ಕಗಳನ್ನು ಜನರ ಮುಂದಿಟ್ಟಿತು. ಕೋಲು ಮೇಲಿನಿಂದ ಕೆಳಗಿಳಿದು ಚೆಂಡನ್ನು ಮುಟ್ಟಲು ನುರಿತ ಆಟಗಾರನಿಗೆ ಹಿಡಿಯುವುದು ಸುಮಾರು ಕಾಲು ಸೆಕೆಂಡು. ಕಣ್ಣು ಕಂಡು, ಮನಸ್ಸು ವಿಚಾರಿಸಿ, ಕೈ ತಿದ್ದಿಕೊಳ್ಳುವುದಕ್ಕೆ ಅಲ್ಲಿ ಎಡೆಯೇ ಇಲ್ಲ. ಹೊರಡುವ ಮೊದಲು ಹೇಗೆ ನಿಂತಿದ್ದೆವು, ಹೊರಟಾಗ ದೇಹದ ಭಾರ ಯಾವ ಕಡೆಗಿತ್ತು ಎಂಬೆರಡು ಸಂಗತಿಗಳು ಮುಕ್ಕಾಲುಪಾಲು ಫಲವನ್ನು ನಿರ್ಣಯಿಸಿಬಿಟ್ಟಿರುತ್ತವೆ.

ಕನ್ನಡದಲ್ಲಿ ‘ನಿಲುವು’ ಎಂಬ ಮಾತಿಗೆ ನಿಂತ ಭಂಗಿಯೆಂಬ ಅರ್ಥವೂ ಇದೆ, ಅಭಿಪ್ರಾಯವೆಂಬ ಅರ್ಥವೂ ಇದೆ. ಗಾಲ್ಫಿನಲ್ಲಿ ಎರಡೂ ಒಂದೇ ಎನ್ನಬಹುದು: ನಿಂತ ಬಗೆಯಲ್ಲೇ ಆಟಗಾರ ತಾನು ಏನು ಮಾಡಲಿದ್ದೇನೆಂದು ಹೇಳಿಬಿಟ್ಟಿರುತ್ತಾನೆ. ನಮ್ಮ ಗರಡಿಗಳಲ್ಲಿ ಹೊಸ ಹುಡುಗನಿಗೆ ಪಟ್ಟು ಕಲಿಸುವ ಮೊದಲು ನಿಲ್ಲುವುದನ್ನು ಕಲಿಸುವ ಪದ್ಧತಿಯುಂಟಷ್ಟೆ, ಇಲ್ಲಿಯೂ ಹಾಗೆಯೇ. (ಮುಂದೆ ಹೇಳುವುದೆಲ್ಲ ಬಲಗೈ ಬಳಸುವವರಿಗೆ, ಎಡಚರು ಬಲವನ್ನು ಎಡವೆಂದೂ ಎಡವನ್ನು ಬಲವೆಂದೂ ಓದಿಕೊಳ್ಳಬೇಕಾಗಿ ಪ್ರಾರ್ಥನೆ.)

ಮಧ್ಯಮ ಉದ್ದದ ಕೋಲಿಗೆ, ಅಂದರೆ ಐದನೆಯದೋ ಆರನೆಯದೋ ನಂಬರಿನ ಐರನ್ನಿಗೆ, ಎರಡು ಪಾದಗಳ ನಡುವೆ ಭುಜದ ಅಗಲದಷ್ಟು ಅಂತರವಿರಲಿ. ಉದ್ದವಾದ ಡ್ರೈವರಿಗೆ ಇನ್ನಷ್ಟು ಅಗಲ, ಗಿಡ್ಡ ಕೋಲಿಗೆ ಕಡಿಮೆ. ಪಾದಗಳು ಬಹಳ ಹತ್ತಿರವಾದರೆ ದೇಹ ತೂರಾಡುತ್ತದೆ. ಬಹಳ ದೂರವಾದರೆ ಸೊಂಟ ತಿರುಗುವುದಿಲ್ಲ. ಹಲವರು ಎರಡನೆಯದನ್ನು ‘ಭದ್ರತೆ’ ಎಂದು ತಿಳಿದು ಕಾಲಗಲಿಸಿ ನಿಲ್ಲುತ್ತಾರೆ. ಅದು ಬಂಡೆಯ ಭದ್ರತೆ. ಬಂಡೆಗೆ ಗಾಲ್ಫ್ ಆಡಲು ಬಾರದು. ಎಡಪಾದದ ತುದಿ ಗುರಿಯ ಕಡೆಗೆ ತುಸು ತಿರುಗಿರಲಿ. ಬಲಪಾದ ಗುರಿಯ ಗೆರೆಗೆ ನೇರ ಅಡ್ಡಲಾಗಿರಬೇಕೆಂದು ಅಮೆರಿಕದ ಬೆನ್ ಹೋಗನ್ ೧೯೫೭ರ ತನ್ನ ಪ್ರಸಿದ್ಧ ಪಾಠಗಳಲ್ಲಿ ವಿಧಿಸಿದ. ಆದರೆ ಐವತ್ತು ದಾಟಿ ಕೀಲುಗಳು ಬಿಗಿದಿರುವವರು ಬಲಪಾದವನ್ನೂ ಸ್ವಲ್ಪ ಹೊರಕ್ಕೆ ತಿರುಗಿಸಿಕೊಂಡರೆ ದೋಷವಿಲ್ಲವೆಂದು ಇಂದಿನ ಶಿಕ್ಷಕರಲ್ಲಿ ಅನೇಕರ ಮತ. ಅದರಿಂದ ಸೊಂಟ ಸುಲಭವಾಗಿ ಹಿಂದಕ್ಕೆ ತಿರುಗುತ್ತದೆ.

ಇನ್ನು ಬಾಗುವುದು. ಬಾಗಬೇಕಾದದ್ದು ತೊಡೆ ಮತ್ತು ಸೊಂಟ ಕೂಡುವ ಕೀಲಿನಲ್ಲಿ. ಬೆನ್ನಿನ ನಡುವೆ ಅಲ್ಲ. ಕಚೇರಿಯಲ್ಲಿ ಲೆಕ್ಕದ ಪುಸ್ತಕದೊಳಕ್ಕೆ ಮೂಗು ಇಳಿಬಿಟ್ಟ ಗುಮಾಸ್ತನ ಬೆನ್ನು ನಿಮ್ಮ ಕಣ್ಣಿಗೆ ಕಟ್ಟಿದ್ದರೆ, ಅದೇ ಬೇಡದ್ದು. ಎತ್ತರದ ಮಣೆಯೊಂದು ಹಿಂದಿದೆ, ಅದರ ಅಂಚಿಗೆ ಒರಗಲಿದ್ದೇವೆ ಎಂಬಂತೆ ಹಿಂಭಾಗವನ್ನು ತುಸು ಹಿಂದಕ್ಕೊಯ್ದು, ಮೊಣಕಾಲನ್ನು ಸಡಿಲಿಸಿದರೆ ಸಾಕು. ತೋಳುಗಳು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಭುಜದಿಂದ ತಾವಾಗಿ ಜೋಲುತ್ತವೆ. ಅವು ಜೋತುಬಿದ್ದ ಕಡೆಯಲ್ಲಿ ಕೋಲಿನ ಹಿಡಿ ಇರಬೇಕು. ಕೋಲಿನ ಹಿಡಿಗೂ ತೊಡೆಗೂ ನಡುವೆ ಒಂದು ಮುಷ್ಟಿ, ಹೆಚ್ಚೆಂದರೆ ಒಂದೂವರೆ ಮುಷ್ಟಿ ಹಿಡಿಸುವಷ್ಟು ಎಡೆ ಸಾಕು. ಚೆಂಡಿನ ಕಡೆಗೆ ಕೈ ಚಾಚಿ ನಿಂತವರ ಭಾರವೆಲ್ಲ ಕಾಲ್ಬೆರಳಿಗೆ ಇಳಿದಿರುತ್ತದೆ. ಅವರೇ ಹೊಡೆದಾದ ಮೇಲೆ ಮುಂದಕ್ಕೆ ತೂರಾಡುವವರು. ಹಿಮ್ಮಡಿಯ ಮೇಲೆ ಕುಳಿತಂತೆ ನಿಂತವರು ಹಿಂದಕ್ಕೆ ಬೀಳುತ್ತಾರೆ. ಪಾದದ ನಡುಭಾಗದಿಂದ ಬೆರಳಿನ ಬುಡದ ವರೆಗಿನ ಸ್ಥಳವೇ ಭಾರಕ್ಕೆ ಯೋಗ್ಯವಾದ ಪೀಠ. ಪರೀಕ್ಷೆ ಸುಲಭ: ಹಾಗೆ ನಿಂತಲ್ಲೇ ಹಿಮ್ಮಡಿಯನ್ನು ಒಂದಿಷ್ಟು ಎತ್ತಿರಿ, ಬೆರಳನ್ನು ಒಂದಿಷ್ಟು ಎತ್ತಿರಿ, ಎರಡೂ ಆಯಾಸವಿಲ್ಲದೆ ಆದರೆ ನಿಲುವು ಸರಿಯಾಗಿದೆ.

ಚೆಂಡಿರುವ ಜಾಗವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಗಿಡ್ಡ ಕೋಲಿಗೆ ನಿಲುವಿನ ನಡುವೆ. ಕೋಲು ಉದ್ದವಾದಂತೆ ಎಡಕ್ಕೆ. ಡ್ರೈವರಿಗೆ ಎಡ ಹಿಮ್ಮಡಿಯ ಎದುರಿಗೆ. ಐರನ್ನಿಗೆ ಭಾರ ಎರಡು ಕಾಲುಗಳಲ್ಲಿ ಸಮಸಮ; ಡ್ರೈವರಿಗೆ ಬಲಗಡೆಗೆ ಒಂದು ತೂಕ ಹೆಚ್ಚು.

ಈಗ ಎಲ್ಲರ ಬಾಯಲ್ಲಿರುವ ‘ಭಾರದ ವರ್ಗಾವಣೆ’. ಸರ್ಕಾರಿ ನೌಕರರ ಮನೆಗಳಲ್ಲಿ ವರ್ಗಾವಣೆ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮೊದಲು ಬರುವುದು ಆಜ್ಞೆ. ಸಾಮಾನು ಸರಂಜಾಮಿನೊಡನೆ ಆಸಾಮಿ ಹೊರಡುವುದು ಆಮೇಲೆ. ಗಾಲ್ಫಿನ ವರ್ಗಾವಣೆಯೂ ಇದೇ ಕ್ರಮದ್ದು ಎಂಬುದು ಪಾದದ ಕೆಳಗೆ ಒತ್ತಡವನ್ನು ಅಳೆಯುವ ತಟ್ಟೆಗಳು ಬಂದ ಮೇಲೆ ಸ್ಪಷ್ಟವಾಗಿದೆ. ದೇಹ ಸರಿಯುವುದು ಸ್ವಲ್ಪವೇ. ಅದಕ್ಕೂ ಮೊದಲು, ಅದಕ್ಕಿಂತ ಬಹಳ ಹೆಚ್ಚಾಗಿ, ನೆಲವನ್ನು ಒತ್ತುವ ಒತ್ತಡ ಕಾಲಿನಿಂದ ಕಾಲಿಗೆ ಹೋಗುತ್ತದೆ. ಕೋಲನ್ನು ಹಿಂದಕ್ಕೆತ್ತುವಾಗ ಪಳಗಿದ ಆಟಗಾರರಲ್ಲಿ ಸಾಮಾನ್ಯವಾಗಿ ಶೇಕಡ ೭೦ರಿಂದ ೮೦ರಷ್ಟು ಒತ್ತಡ ಬಲಪಾದಕ್ಕೆ ಬರುತ್ತದೆ, ಅದೂ ಬೀಸಿನ ಆರಂಭದ ಘಟ್ಟದಲ್ಲೇ. ಸೋಜಿಗವೆಂದರೆ, ಕೋಲು ಇನ್ನೂ ಮೇಲಕ್ಕೇರುತ್ತಿರುವಾಗಲೇ ಅದು ಎಡಪಾದದ ಕಡೆಗೆ ಮರಳಿ ಹೊರಟಿರುತ್ತದೆ! ಕೈ ಹಿಂದಕ್ಕೆ ಹೋಗುತ್ತಿದೆ, ಕಾಲು ಆಗಲೇ ಮುಂದಕ್ಕೆ ಹೊರಟಿದೆ. ಈ ಎಳೆತದಲ್ಲೇ ಶಕ್ತಿ ಹುಟ್ಟುವುದು. ಕೋಲು ಚೆಂಡನ್ನು ಮುಟ್ಟುವ ಹೊತ್ತಿಗೆ ಐರನ್ ಹೊಡೆತದಲ್ಲಿ ಒತ್ತಡದ ಬಹುಪಾಲು ಎಡಪಾದದಲ್ಲಿ ನೆಲೆಸಿರುತ್ತದೆ.

ಹವ್ಯಾಸಿಗಳಲ್ಲಿ ಇದು ಎರಡು ಬಗೆಯಾಗಿ ಕೆಡುತ್ತದೆ. ಕೆಲವರು ವರ್ಗಾವಣೆಯೆಂದರೆ ಇಡೀ ಮೈಯನ್ನು ಬಲಕ್ಕೆ ಜಾರಿಸುವುದೆಂದು ಭಾವಿಸುತ್ತಾರೆ. ಸೊಂಟ ತಿರುಗದೆ ಪಕ್ಕಕ್ಕೆ ಸರಿದು, ಭಾರ ಬಲಪಾದದ ಹೊರ ಅಂಚಿಗೆ ಹೋಗಿ ನಿಲ್ಲುತ್ತದೆ. ಅಲ್ಲಿಂದ ಅದನ್ನು ಸಮಯಕ್ಕೆ ಹಿಂದಿರುಗಿಸುವುದು ದುಸ್ಸಾಧ್ಯ. ಬಲಪಾದದ ಒಳ ಅಂಚಿನಲ್ಲಿ ಭಾರವನ್ನು ತಡೆಹಿಡಿಯುವುದೇ ಇದಕ್ಕೆ ಮದ್ದು. ಎರಡನೆಯ ವ್ಯಾಧಿ ಇನ್ನೂ ಕಠಿಣವಾದದ್ದು. ಕೋಲನ್ನೆತ್ತುವಾಗ ಇವರ ಭಾರ ಎಡಗಾಲಿನಲ್ಲೇ ಕುಳಿತಿರುತ್ತದೆ; ಇಳಿಸುವಾಗ, ಎಲ್ಲ ಮುಂದಕ್ಕೆ ಹೋಗಬೇಕಾದ ಕ್ಷಣದಲ್ಲಿ, ಬಲಗಾಲಿಗೆ ಬೀಳುತ್ತದೆ. ಕೋಲು ಚೆಂಡಿನ ಹಿಂದಿನ ಮಣ್ಣನ್ನು ಅಗೆಯುತ್ತದೆ; ಇಲ್ಲವೇ ಚೆಂಡಿನ ನೆತ್ತಿಯನ್ನು ಸವರುತ್ತದೆ; ಇಲ್ಲವೇ ಚೆಂಡು ಬಲಕ್ಕೆ ಬಾಗುವ ‘ಸ್ಲೈಸ್’ ಆಗುತ್ತದೆ. ಸೊಂಟ ಹಿಡಿಯುವುದಕ್ಕೂ ಈ ತಿರುಚಿದ ಬೆನ್ನು ಒಳ್ಳೆಯ ಸಾಧನ.

ಈ ಎರಡನೆಯ ವ್ಯಾಧಿಯನ್ನು ಬಹುಮಂದಿಗೆ ಅಂಟಿಸುವುದು ಒಂದು ಸದುಪದೇಶ ಎಂದರೆ ಆಶ್ಚರ್ಯವಾದೀತು. “ತಲೆ ಅಲ್ಲಾಡಿಸಬೇಡಿ ಸಾರ್” ಎಂಬುದೇ ಆ ಉಪದೇಶ. ಅರ್ಧಸತ್ಯಗಳಲ್ಲಿ ಇದಕ್ಕಿಂತ ಅಪಾಯಕರವಾದದ್ದು ಈ ಆಟದಲ್ಲಿ ಇನ್ನೊಂದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ತಲೆಯನ್ನು ಮೊಳೆ ಹೊಡೆದಂತೆ ನಿಲ್ಲಿಸಿದವರು ಹಿಂದಕ್ಕೆ ತಿರುಗಲಾರದೆ ಎಡಗಾಲಿನ ಮೇಲೆ ವಾಲುತ್ತಾರೆ. ಆದರೆ ಜ್ಯಾಕ್ ನಿಕ್ಲಾಸನ ಗುರು ಜ್ಯಾಕ್ ಗ್ರೌಟ್ ಮಾಡಿದ್ದೇನು ಎಂದು ಬಲ್ಲವರು ಕೇಳಬಹುದು. ನಿಕ್ಲಾಸ್ ೧೯೫೦ರಲ್ಲಿ, ಹತ್ತು ವರ್ಷದ ಬಾಲಕನಾಗಿ, ಅಮೆರಿಕದ ಕೊಲಂಬಸ್ ನಗರದಲ್ಲಿ ಗ್ರೌಟ್ ಬಳಿ ಕಲಿಯತೊಡಗಿದ. ಅವನು ಕೋಲು ಬೀಸುವಾಗ ಗ್ರೌಟ್‌ನ ಸಹಾಯಕ ಎದುರಿಗೆ ನಿಂತು ಹುಡುಗನ ಜುಟ್ಟನ್ನು ಹಿಡಿದುಕೊಳ್ಳುತ್ತಿದ್ದನಂತೆ. ತಲೆ ಸರಿದರೆ ಕೂದಲು ಜಗ್ಗಿ ಕಣ್ಣಲ್ಲಿ ನೀರು! ಈ ಕಥೆ ಎಲ್ಲರಿಗೂ ನೆನಪಿದೆ. ಅದೇ ಗ್ರೌಟ್ ಆ ಹುಡುಗನಿಗೆ ಕಣಕಾಲುಗಳನ್ನು ಒಳಕ್ಕೂ ಹೊರಕ್ಕೂ ಹೊರಳಿಸಿ ಪಾದದಿಂದ ಸಮತೋಲ ಸಾಧಿಸುವುದನ್ನು ಅಷ್ಟೇ ಶ್ರದ್ಧೆಯಿಂದ ಕಲಿಸಿದ ಎಂಬುದು ಯಾರಿಗೂ ನೆನಪಿಲ್ಲ. ನಿಕ್ಲಾಸ್ ಮುಂದೆ ಹದಿನೆಂಟು ಮಹಾಪಂದ್ಯಗಳನ್ನು ಗೆದ್ದಾಗ, ಕೋಲೆತ್ತುವ ಹೊತ್ತಿನಲ್ಲಿ ಅವನ ಎಡ ಹಿಮ್ಮಡಿ ನೆಲದಿಂದ ಧಾರಾಳವಾಗಿ ಮೇಲೇಳುತ್ತಿತ್ತು. ಬಿಗಿದ ಬೆನ್ನಿನವರು ಈ ಹಿಮ್ಮಡಿಯನ್ನು ಅನುಕರಿಸಬೇಕು, ಜುಟ್ಟನ್ನಲ್ಲ.

ಹೊಳೆಯ ದಂಡೆಯಲ್ಲಿ ಕಲ್ಲಿನ ಮೇಲೆ ಬಟ್ಟೆ ಒಗೆಯುವವರನ್ನು ನೋಡಿದವರಿಗೆ ಇವೆಲ್ಲ ಹೊಸ ವಿಷಯವಲ್ಲ. ಒದ್ದೆ ಬಟ್ಟೆಯನ್ನು ಭುಜದ ಮೇಲಿನಿಂದ ಹಿಂದಕ್ಕೊಯ್ಯುವಾಗ ಮೈ ಹಿಂಗಾಲಿಗೆ ಒರಗುತ್ತದೆ. ಬಟ್ಟೆ ಇನ್ನೂ ಬೆನ್ನ ಹಿಂದಿರುವಾಗಲೇ ಮುಂಗಾಲು ನೆಲವನ್ನು ಒತ್ತಿರುತ್ತದೆ. ಆಮೇಲೆ ಬಟ್ಟೆ ತಾನಾಗಿ ಕಲ್ಲಿಗೆ ಬರುತ್ತದೆ. ಬರಿಯ ತೋಳಿನ ಬಲದಿಂದ ಒಗೆಯುವವರು ಹತ್ತು ಸೀರೆಗೆ ಸುಸ್ತಾಗಿ ಕುಳಿತುಬಿಟ್ಟಾರು. ಕ್ರಿಕೆಟ್ಟಿನಿಂದ ಬಂದವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಜಿ. ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಹೊಡೆತದಲ್ಲಿ ಭಾರ ಹಿಂಗಾಲಿಗೆ ಹೋಗುತ್ತಿತ್ತು. ಡ್ರೈವ್ ಮಾಡುವ ದಾಂಡಿಗನ ಭಾರ ಮುಂಗಾಲಿನ ಹೆಜ್ಜೆಯೊಡನೆ ಮುಂದಕ್ಕೆ ಹೋಗುತ್ತದೆ. ಅಲ್ಲಿ ಚೆಂಡು ಕರೆದ ಕಡೆಗೆ ಕಾಲು ಹೋಗಬೇಕು. ಇಲ್ಲಿ ಚೆಂಡು ಸುಮ್ಮನೆ ಬಿದ್ದಿದೆ, ಯಾರನ್ನೂ ಕರೆಯುತ್ತಿಲ್ಲ. ಹೆಜ್ಜೆ ಹಾಕಿ ಹೊಡೆಯುವ ಚಪಲದಿಂದ ಕ್ರಿಕೆಟಿಗರ ತಲೆ ಚೆಂಡನ್ನು ದಾಟಿ ಮುಂದಕ್ಕೆ ಹೋಗಿಬಿಡುತ್ತದೆ. ಗಾಲ್ಫಿನಲ್ಲಿ ಸೊಂಟ ಮುಂದಕ್ಕೆ ಹೋಗಿ ತೆರೆದುಕೊಳ್ಳಬೇಕು, ತಲೆ ಚೆಂಡಿನ ಹಿಂದೆಯೇ ಉಳಿಯಬೇಕು.

ಮೇಲೆ ಹೆಸರಿಸಿದ ಬೆನ್ ಹೋಗನ್‌ನ ಕಥೆಯನ್ನು ಇಲ್ಲಿ ಹೇಳದಿದ್ದರೆ ಕಾಲಿನ ಮಹಿಮೆ ಪೂರ್ತಿಯಾಗದು. ಟೆಕ್ಸಾಸ್ ಪ್ರಾಂತ್ಯದಲ್ಲಿ ಹುಟ್ಟಿದ ಈತ ಆಳ್ತನದಲ್ಲಿ ಚಿಕ್ಕವನು. ೧೯೪೯ರ ಫೆಬ್ರವರಿ ೨ರಂದು ಮಂಜು ಕವಿದ ಹೆದ್ದಾರಿಯಲ್ಲಿ ಅವನ ಕಾರಿಗೆ ಬಸ್ಸೊಂದು ಎದುರಿನಿಂದ ಬಂದು ಅಪ್ಪಳಿಸಿತು. ಪಕ್ಕದಲ್ಲಿದ್ದ ಪತ್ನಿಯನ್ನು ಕಾಪಾಡಲು ಹೋಗನ್ ಅವಳ ಮೇಲೆ ಅಡ್ಡಬಿದ್ದ. ಹೆಂಡತಿಯೂ ಉಳಿದಳು, ಚಾಲಕನ ಆಸನದಲ್ಲೇ ಇದ್ದಿದ್ದರೆ ಉಳಿಯಲಾರದಿದ್ದ ಗಂಡನೂ ಉಳಿದ. ಆದರೆ ಸೊಂಟದ ಮೂಳೆ, ಕತ್ತಿನ ಬಳಿಯ ಮೂಳೆ, ಎಡಗಾಲಿನ ಕಣಕಾಲು ಮುರಿದವು. ಮೇಲೆ ರಕ್ತ ಹೆಪ್ಪುಗಟ್ಟುವ ತೊಂದರೆ ಬಂದು ಶಸ್ತ್ರಚಿಕಿತ್ಸೆಯಾಯಿತು. ಗಾಲ್ಫ್ ಹಾಗಿರಲಿ, ನಡೆದಾನೋ ಇಲ್ಲವೋ ಎಂಬ ಸ್ಥಿತಿ. ಹದಿನಾರು ತಿಂಗಳಾದ ಮೇಲೆ, ೧೯೫೦ರ ಜೂನಿನಲ್ಲಿ, ಕಣಕಾಲಿನಿಂದ ತೊಡೆಯ ವರೆಗೆ ಪಟ್ಟಿ ಸುತ್ತಿಕೊಂಡು ಆತ ಮೆರಿಯನ್ ಎಂಬಲ್ಲಿ ಅಮೆರಿಕದ ಓಪನ್ ಪಂದ್ಯಕ್ಕೆ ಇಳಿದ. ಕೊನೆಯ ದಿನ ಒಂದೇ ಹಗಲಿನಲ್ಲಿ ಮೂವತ್ತಾರು ಕುಳಿಗಳನ್ನು ಆಡಬೇಕಾಗಿದ್ದ ಕಾಲ ಅದು. ಕಾಲುಗಳು ಸೋತಿದ್ದವು, ಮುನ್ನಡೆ ಕರಗಿತ್ತು. ಕೊನೆಯ ಕುಳಿಯಲ್ಲಿ ನಾಲ್ಕೇ ಹೊಡೆತಗಳಲ್ಲಿ ಮುಗಿಸಿದರೆ ಮಾತ್ರ ಸಮ. ಅಲ್ಲಿ ಆತ ಒಂದನೆಯ ನಂಬರಿನ ಐರನ್ನನ್ನು ಎತ್ತಿಕೊಂಡ. ಕೋಲುಗಳಲ್ಲೆಲ್ಲ ಅದು ಅತ್ಯಂತ ಒಲಿಯದ ಕೋಲು.

ಆ ಹೊಡೆತ ಮುಗಿದ ಕ್ಷಣವನ್ನು ಹೈ ಪೆಸ್ಕಿನ್ ಎಂಬ ಛಾಯಾಗ್ರಾಹಕ ಹಿಂದಿನಿಂದ ಸೆರೆಹಿಡಿದ. ಗಾಲ್ಫಿನ ಚಿತ್ರಗಳಲ್ಲಿ ಇಷ್ಟು ಪ್ರಸಿದ್ಧವಾದದ್ದು ಇನ್ನೊಂದಿಲ್ಲ. ಎದುರಿಗೆ ಜನಸಾಗರ, ಈ ಕಡೆ ಬೆನ್ನು ಮಾಡಿ ನಿಂತ ಒಂದು ಸಣ್ಣ ಆಕೃತಿ. ಕೈಗಳು ಎತ್ತರದಲ್ಲಿವೆ, ಬಲ ಹಿಮ್ಮಡಿ ಪೂರ್ತಿ ಮೇಲೆದ್ದು ಬೂಟಿನ ಅಡಿ ನಮ್ಮ ಕಡೆಗೆ ಕಾಣುತ್ತಿದೆ, ದೇಹದ ಭಾರವೆಲ್ಲ ಮುರಿದು ಕೂಡಿದ ಆ ಎಡಗಾಲಿನ ಮೇಲೆ ಅಲುಗಾಡದೆ ನಿಂತಿದೆ. ಚೆಂಡು ಹಸಿರಂಗಳಕ್ಕೆ ಬಿತ್ತು, ಪಂದ್ಯ ಸಮವಾಯಿತು, ಮರುದಿನ ಮೂವರ ನಡುವೆ ನಡೆದ ಮರುಪಂದ್ಯದಲ್ಲಿ ಹೋಗನ್ ೬೯ ಹೊಡೆತಗಳಲ್ಲಿ ಗೆದ್ದ. ಮೂರು ವರ್ಷಗಳ ತರುವಾಯ, ೧೯೫೩ರಲ್ಲಿ, ಒಂದೇ ವರ್ಷದಲ್ಲಿ ಮೂರು ಮಹಾಪಂದ್ಯಗಳನ್ನೂ ಗೆದ್ದ. ಕೋಲು ಕೆಳಗಿಳಿಯುವಾಗ ಮೊದಲು ಹೊರಡಬೇಕಾದದ್ದು ಸೊಂಟ, ಕೈಯಲ್ಲ ಎಂಬ ಮಾತಿಗೆ ೧೯೫೭ರಲ್ಲಿ ಆತ ಕೊಟ್ಟ ಒತ್ತು, ಸೊಂಟದ ಬೆಲೆಯನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಅರಿತವನ ಒತ್ತು.

ನಮ್ಮ ಊರಿನ ಹುಡುಗಿಯ ಮಾತನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಅದಿತಿ ಅಶೋಕ್, ೨೦೨೧ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದಳು. ಕಂಚಿನ ಪದಕಕ್ಕೂ ಅವಳಿಗೂ ನಡುವೆ ಇದ್ದದ್ದು ಒಂದೇ ಒಂದು ಹೊಡೆತ. ಚೀಲ ಹೊತ್ತು ಜೊತೆಯಲ್ಲಿ ನಡೆದವರು ಆಕೆಯ ತಾಯಿ. ಎದುರಾಳಿಗಳ ಚೆಂಡು ಆಕೆಯದಕ್ಕಿಂತ ಬಹುದೂರ ಹೋಗುತ್ತಿತ್ತು. ಆದರೂ ಕೊನೆಯ ಕುಳಿಯ ವರೆಗೆ ಆಕೆ ಅವರನ್ನು ಬಿಡಲಿಲ್ಲ. ತೋಳ್ಬಲವೇ ಗಾಲ್ಫ್ ಎನ್ನುವವರು ಆ ನಾಲ್ಕು ದಿನಗಳ ಆಟವನ್ನು ಒಮ್ಮೆ ನೋಡಲಿ.

ಬೀಸಿನ ಲಯದ ವಿಷಯದಲ್ಲಿ ಕನ್ನಡ ಮೇಷ್ಟರಿಗೆ ಸ್ವಲ್ಪ ಅಧಿಕಾರ ಉಂಟೆಂದು ಭಾವಿಸುತ್ತೇನೆ. ಪಳಗಿದ ಆಟಗಾರರಲ್ಲಿ ಕೋಲು ಮೇಲೇರುವ ಕಾಲ ಸುಮಾರು ಮೂರು ಪಾಲಾದರೆ ಇಳಿದು ಚೆಂಡನ್ನು ಮುಟ್ಟುವ ಕಾಲ ಒಂದು ಪಾಲು. ಮೂರು ಮಾತ್ರೆ ಏರು, ಒಂದು ಮಾತ್ರೆ ಇಳಿ ಎಂದುಕೊಳ್ಳಿರಿ. ಹೊಸಬರು ಒಂದು ಮಾತ್ರೆಯಲ್ಲಿ ಏರಿಸಿ ಒಂದು ಮಾತ್ರೆಯಲ್ಲಿ ಇಳಿಸಿಬಿಡುತ್ತಾರೆ. ಭಾರ ಬಲಗಾಲಿಗೆ ಹೋಗಿ ಎಡಗಾಲಿಗೆ ಮರಳಲು ಅವಕಾಶವೇ ಇಲ್ಲದೆ ಛಂದೋಭಂಗವಾಗುತ್ತದೆ.

ಮನೆಯಲ್ಲೇ ಮಾಡಬಹುದಾದ ಅಭ್ಯಾಸಗಳು ಕೆಲವಿವೆ. ಗೋಡೆಗೆ ಹಿಂಭಾಗ ತಾಗುವಂತೆ ನಿಂತು, ಎದೆಯ ಮೇಲೆ ಕೈಕಟ್ಟಿ, ಮೆಲ್ಲಗೆ ಬಲಕ್ಕೆ ತಿರುಗಿರಿ: ಬಲಗಡೆಯ ಹಿಂಭಾಗ ಗೋಡೆಯನ್ನು ಒತ್ತಬೇಕು. ಎಡಕ್ಕೆ ತಿರುಗಿದಾಗ ಎಡಗಡೆಯದು ಒತ್ತಬೇಕು. ಗೋಡೆಯನ್ನು ಬಿಟ್ಟು ಮುಂದಕ್ಕೆ ಬಂದರೆ ಸೊಂಟ ಚೆಂಡಿನ ಕಡೆಗೆ ನುಗ್ಗುತ್ತಿದೆಯೆಂದು ಅರ್ಥ. ಇನ್ನೊಂದು, ಎರಡು ಪಾದಗಳನ್ನೂ ಕೂಡಿಸಿ ನಿಂತು ಅರ್ಧ ವೇಗದಲ್ಲಿ ಬೀಸುವುದು. ಕೈಯಿಂದ ಹೊಡೆಯುವವರು ಮೂರನೆಯ ಬೀಸಿಗೇ ತೂರಾಡುತ್ತಾರೆ. ಯಾವ ಗುರುವೂ ಬೇಕಾಗಿಲ್ಲ. ಅದು ಬಂದ ಮೇಲೆ, ಪಾದ ಕೂಡಿಸಿಯೇ ಕೋಲನ್ನೆತ್ತಿ, ಅದು ಮೇಲಿರುವಾಗಲೇ ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಟ್ಟು ಬೀಸಿರಿ. ಮೇಲೆ ಕ್ರಿಕೆಟಿಗರಿಗೆ ಹೆಜ್ಜೆ ಬೇಡವೆಂದವನೇ ಈಗ ಹೆಜ್ಜೆ ಇಡೆನ್ನುತ್ತಾನಲ್ಲ ಎನ್ನಬೇಡಿರಿ. ಇದು ಔಷಧ, ಊಟವಲ್ಲ. ಕಾಲು ಮೊದಲು, ಕೋಲು ಆಮೇಲೆ ಎಂಬ ಕ್ರಮ ಮೈಗೆ ಹತ್ತಿದ ಮೇಲೆ ಹೆಜ್ಜೆಯನ್ನು ಬಿಟ್ಟುಬಿಡಬೇಕು. ಪ್ರತಿ ಬೀಸಿನ ಕೊನೆಯಲ್ಲೂ ಎಡಗಾಲಿನ ಮೇಲೆ, ಬಲ ಹಿಮ್ಮಡಿ ಎತ್ತಿ, ಬೆಲ್ಟಿನ ಬಕಲ್ ಗುರಿಯನ್ನು ನೋಡುವಂತೆ ನಿಂತು ಮೂರು ಎಣಿಸಿರಿ. ಮೂರರ ತನಕ ನಿಲ್ಲಲಾಗದಿದ್ದರೆ ವೇಗವನ್ನು ಇಳಿಸಬೇಕು.

ಮನೆಯ ನಿಲುವುಗನ್ನಡಿ ಇದಕ್ಕೆಲ್ಲ ಒಳ್ಳೆಯ ಸಹಾಯಕ. ಬರಿಗಾಲಿನಲ್ಲಿ ಅಭ್ಯಾಸ ಮಾಡಿದರೆ ಭಾರ ಎಲ್ಲಿದೆಯೆಂಬುದನ್ನು ಅಂಗಾಲೇ ಹೇಳುತ್ತದೆ. ಬೀಸಿನ ಸೊಗಸಿಗೆ ಹೆಸರಾದ ಸ್ಯಾಮ್ ಸ್ನೀಡ್ ಕೂಡ ಬರಿಗಾಲಿನಲ್ಲಿ ಅಭ್ಯಾಸ ಮಾಡುತ್ತಿದ್ದವನೇ. ಮೊಣಕಾಲಿನಲ್ಲೋ ಬೆನ್ನಿನಲ್ಲೋ ಹಳೆಯ ನೋವಿರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಉಳಿದವರಿಗೂ ಬೀಸುವ ಮುನ್ನ ಹತ್ತು ನಿಮಿಷದ ನಡಿಗೆ ಅಗತ್ಯ. ಕೋಲು ಹಿಡಿದು ಮಾಡುವ ಅಭ್ಯಾಸ ಮಾತ್ರ ತಾರಸಿಯ ಮೇಲೆಯೇ ಆಗಲಿ. ನಡುಮನೆಯ ಫ್ಯಾನಿನ ಎತ್ತರವನ್ನು ಗಾಲ್ಫ್ ಕೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಯಾವ ಗೃಹಿಣಿಯೂ ನಿಶ್ಚಯಿಸಿರುವುದಿಲ್ಲ.